ಕೇಳಿದ್ದಕ್ಕೆ ಹೇಳಿದ್ದು: ಪಡಸಾಲೆಯಲ್ಲಿ ಮ್ಯಾಕ್‌ಬೆತ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ನಟಿಯ ಬಗ್ಗೆ ಇವೆ, ಜೆಕ್ ನಟಿ ವ್ಲಾಸ್ತಾ ಖ್ರಾಮೊಸ್ತೊವಾ. ಇದಕ್ಕೆಲ್ಲ ಕಾರಣ ದಾವಣಗೆರೆಯ ಒಂದು ಮನೆ. ಅಲ್ಲಿ ಗೆಳೆಯರೊಬ್ಬರು ತಿಂಗಳಿಗೊಮ್ಮೆ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಹಳೇ ಸಿನಿಮಾ ತೋರಿಸುತ್ತಾರೆ. ಹರಿಹರ, ಜಗಳೂರು, ದುರ್ಗದಿಂದಲೂ ಜನ ಬರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಮನೆಯವರ ಲೆಕ್ಕ. ಹೋದ ತಿಂಗಳು ತೋರಿಸಿದ್ದು 1969ರ ಜೆಕ್ ಸಿನಿಮಾ ‘ದಿ ಕ್ರೆಮೇಟರ್’, ಆಗಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ನಡೆಯುವ ಕತೆ. ನಾನೂ ಹೋಗಿದ್ದೆ. ಮಂಡಕ್ಕಿ ತಿನ್ನುತ್ತಾ ನೋಡುವ ಸಿನಿಮಾ ಅಲ್ಲ ಇದು ಅಂತ ಅರ್ಧ ಗಂಟೆಯಲ್ಲೇ ಎಲ್ಲರಿಗೂ ಗೊತ್ತಾಯಿತು. ತಟ್ಟೆಗಳು ಹಾಗೇ ಉಳಿದವು.

ಪ್ರಶ್ನೆ: ಸಾರ್, ಆ ಸಿನಿಮಾದಲ್ಲಿ ಗಂಡ ತನ್ನ ಹೆಂಡತಿಯನ್ನು ‘ಲಾಕ್ಮೆ’ ಅಂತ ಕರೆಯುತ್ತಾನೆ. ನಮ್ಮ ಡ್ರೆಸ್ಸಿಂಗ್ ಟೇಬಲ್ ಮೇಲಿರುವ ಲ್ಯಾಕ್ಮೆ ತಾನೆ ಅದು? ಪ್ರಾಗ್‌ಗೆ ಆ ಹೆಸರು ಹೇಗೆ ಹೋಯಿತು? ಆ ಪಾತ್ರ ಮಾಡಿದವರು ಯಾರು?
(ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅದೇ. ಇನ್ನೂ ಹಿಂದಕ್ಕೆ ಹೋದರೆ ಅದು ನಮ್ಮ ಲಕ್ಷ್ಮಿ. ದೆಲಿಬ್ ಅನ್ನುವ ಫ್ರೆಂಚ್ ಸಂಗೀತಗಾರ 1883ರಲ್ಲಿ ಪ್ಯಾರಿಸ್‌ನಲ್ಲಿ ‘ಲಾಕ್ಮೆ’ ಅನ್ನುವ ಆಪೆರಾ ಆಡಿಸಿದ. ಆಪೆರಾ ಅಂದರೆ ನಮ್ಮ ಸಂಗೀತ ನಾಟಕದ ದೂರದ ನೆಂಟ ಅಂದುಕೊಳ್ಳಿ. ಕತೆ ಬ್ರಿಟಿಷರ ಕಾಲದ ಭಾರತದ್ದು. ನೀಲಕಂಠ ಅನ್ನುವ ಪುರೋಹಿತನ ಮಗಳು ಲಾಕ್ಮೆ, ಅವಳಿಗೂ ಒಬ್ಬ ಇಂಗ್ಲಿಷ್ ಅಧಿಕಾರಿಗೂ ಪ್ರೀತಿ. ಲಕ್ಷ್ಮಿ ಫ್ರೆಂಚರ ಬಾಯಲ್ಲಿ ಲಾಕ್ಮೆ ಆದಳು. 1952ರಲ್ಲಿ ಟಾಟಾದವರು ಸೌಂದರ್ಯ ಸಾಮಗ್ರಿ ಶುರು ಮಾಡಿದಾಗ ಆ ಹೆಸರನ್ನೇ ಇಟ್ಟರು.

ಸಿನಿಮಾದಲ್ಲಿ ಹೆಂಡತಿಯ ನಿಜವಾದ ಹೆಸರು ಮರೀ. ಗಂಡ ಪ್ರಾಗ್‌ನ ಸುಡುಗಾಡಿನಲ್ಲಿ ಕೆಲಸ ಮಾಡುವವನು, ಹೆಣ ಸುಟ್ಟರೆ ಆತ್ಮಕ್ಕೆ ಬೇಗ ಬಿಡುಗಡೆ ಅಂತ ನಂಬಿದವನು. ಟಿಬೆಟ್ಟಿನ ಬಗ್ಗೆ ಒಂದು ಪುಸ್ತಕ ಓದಿ ತಲೆಗೆ ಹಚ್ಚಿಕೊಂಡಿದ್ದಾನೆ. ಅಂಥವನು ಹೆಂಡತಿಗೆ ಪೂರ್ವದೇಶದ ಹೆಸರು ಇಟ್ಟುಕೊಳ್ಳದೆ ಇರುತ್ತಾನಾ? ಬಾಯಿ ತುಂಬ ಜೇನು. ಕತೆ ನಡೆಯೋದು 1930ರ ದಶಕದ ಕೊನೆಯಲ್ಲಿ, ನಾಜಿಗಳು ಬರುವ ಹೊತ್ತಿಗೆ. ಹೆಂಡತಿಯಲ್ಲಿ ಯಹೂದಿ ರಕ್ತ ಇದೆ ಅಂತ ಅವನ ಕಿವಿಗೆ ಯಾರೋ ಊದುತ್ತಾರೆ. ಅಷ್ಟೇ, ಅದೇ ಜೇನಿನ ದನಿಯಲ್ಲಿ ಮಾತಾಡುತ್ತಾ ಅವಳನ್ನು ನೇಣಿಗೆ ಹಾಕುತ್ತಾನೆ. ನಿರ್ದೇಶಕ ಯುರಾಯ್ ಹೆರ್ಟ್ಸ್ ಹುಡುಗನಾಗಿದ್ದಾಗ ನಾಜಿ ಕ್ಯಾಂಪಿನಲ್ಲಿ ಇದ್ದು ಬದುಕಿ ಬಂದವರು. ಅದು ಗೊತ್ತಾದ ಮೇಲೆ ಆ ದೃಶ್ಯ ಇನ್ನೂ ಕಷ್ಟ.

ಆ ಪಾತ್ರ ಮಾಡಿದವರು ವ್ಲಾಸ್ತಾ ಖ್ರಾಮೊಸ್ತೊವಾ. ನೀವು ಗಮನಿಸಿದಿರೋ ಇಲ್ಲವೋ, ಆ ಗಂಡ ವೇಶ್ಯೆಯೊಬ್ಬಳ ಹತ್ತಿರ ಹೋಗುತ್ತಾನಲ್ಲ, ಅವಳೂ ಇವರೇ! ಡಬಲ್ ಆ್ಯಕ್ಟಿಂಗ್. ನಮ್ಮಲ್ಲಾಗಿದ್ದರೆ ಪೋಸ್ಟರಿನಲ್ಲೇ ಹಾಕುತ್ತಿದ್ದರು. ಇಲ್ಲಿ ಸುಮ್ನೆ ಬಿಟ್ಟಿದ್ದಾರೆ, ನೋಡಿದವರಿಗೆ ಸಿಕ್ಕಿತು, ಇಲ್ಲದವರಿಗೆ ಇಲ್ಲ. ನಮ್ಮ ಮನೆ ಪ್ರದರ್ಶನದಲ್ಲಿ ಅದನ್ನು ಹಿಡಿದವರು ಒಬ್ಬರೇ, ಅದೂ ನಾನಲ್ಲ.

ಪ್ರಶ್ನೆ: ಇಷ್ಟು ಚೆನ್ನಾಗಿ ನಟಿಸುವವರು ಆಮೇಲೆ ಎಲ್ಲಿ ಹೋದರು? ಮೊಬೈಲಿನಲ್ಲಿ ಹುಡುಕಿದೆ. 1970ರ ನಂತರ ಅವರ ಸಿನಿಮಾ ಅಂತ ಹೆಚ್ಚೇನೂ ಕಾಣಲಿಲ್ಲ. ಮದುವೆಯಾಗಿ ಬಿಟ್ಟುಬಿಟ್ಟರಾ?
(ಹೊಳಲ್ಕೆರೆ)

ಉತ್ತರ: ನಟಿ ಕಾಣೆಯಾದರೆ ಮದುವೆಯೇ ಕಾರಣ ಅನ್ನೋದು ನಮ್ಮ ಅನುಭವ, ನಿಮ್ಮ ತಪ್ಪಲ್ಲ. ಇವರ ವಿಷಯದಲ್ಲಿ ಗಂಡನೇ ಜೊತೆಗೆ ನಿಂತವರು. ಬಿಡಿಸಿದ್ದು ಸರ್ಕಾರ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಹುಟ್ಟಿದ್ದು 1926ರ ನವೆಂಬರ್ 17, ಬ್ರನೋ ನಗರದಲ್ಲಿ. ಈ ತಾರೀಕು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಟನೆ ಕಲಿತದ್ದೂ ಅಲ್ಲೇ. ಪ್ರಾಗ್‌ನ ಹೊರಗಿನ ರಂಗಭೂಮಿಯಲ್ಲಿ ಪಳಗಿ 1950ರಲ್ಲಿ ಪ್ರಾಗ್‌ನ ವಿನೊಹ್ರಾದಿ ಥಿಯೇಟರ್ ಸೇರಿದರು. ಅದೇ ವರ್ಷ ‘ದಿ ಟ್ರ್ಯಾಪ್’ ಅನ್ನುವ ಸಿನಿಮಾದಲ್ಲಿ ಮುಖ್ಯ ಪಾತ್ರ. ಅಲ್ಲಿಂದ ಇಪ್ಪತ್ತು ವರ್ಷ ವಿನೊಹ್ರಾದಿಯಲ್ಲೇ. ಅಲ್ಲಿನ ಪದ್ಧತಿ ನಮ್ಮ ಕಂಪನಿ ನಾಟಕದ ಹಾಗಲ್ಲ. ನಮ್ಮಲ್ಲಿ ಕಂಪನಿ ಊರೂರಿಗೆ ಹೋಗುತ್ತದೆ, ಕ್ಯಾಂಪ್ ಹಾಕುತ್ತದೆ, ಒಂದೇ ನಾಟಕ ನೂರಾರು ಸಲ ಆಡುತ್ತದೆ. ಅಲ್ಲಿ ಥಿಯೇಟರ್ ಒಂದೇ ಕಡೆ ಇರುತ್ತದೆ, ನಟರಿಗೆ ತಿಂಗಳ ಸಂಬಳ, ಇವತ್ತು ಒಂದು ನಾಟಕವಾದರೆ ನಾಳೆ ಇನ್ನೊಂದು. ಹಗಲು ಶೂಟಿಂಗ್, ರಾತ್ರಿ ನಾಟಕ. ಸಿನಿಮಾ, ನಾಟಕ ಅಂತ ಬೇರೆ ಬೇರೆ ಜಾತಿ ಇಲ್ಲ.

1963ರಲ್ಲಿ ಕಾರು ಅಪಘಾತದಲ್ಲಿ ಮಗನನ್ನು ಕಳೆದುಕೊಂಡರು. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ.

1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಜನರಿಗೆ ಸ್ವಲ್ಪ ಉಸಿರಾಡಲು ಬಿಟ್ಟಿದ್ದ ಅಲ್ಲಿನ ಕಮ್ಯುನಿಸ್ಟ್ ಸರ್ಕಾರವನ್ನು ಕೂರಲು ಬಿಡಲಿಲ್ಲ. ಮರುವರ್ಷ ಜನವರಿಯಲ್ಲಿ ಯಾನ್ ಪಾಲಾಖ್ ಅನ್ನುವ ವಿದ್ಯಾರ್ಥಿ ಇದನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡ. ಅವನ ಅಂತ್ಯಯಾತ್ರೆಯನ್ನು ಕ್ಯಾಮೆರಾದಲ್ಲಿ ಹಿಡಿದವರು ಸ್ತಾನಿಸ್ಲಾವ್ ಮಿಲೋತಾ. ‘ಕ್ರೆಮೇಟರ್’ನ ಛಾಯಾಗ್ರಾಹಕ ಇವರೇ, ಖ್ರಾಮೊಸ್ತೊವಾ ಅವರ ಗಂಡನೂ ಇವರೇ. ಇಬ್ಬರ ಮೇಲೂ ಸರ್ಕಾರದ ಕಣ್ಣು ಬಿತ್ತು. ಸಿನಿಮಾ ಡಬ್ಬ ಸೇರಿತು, 1989ರವರೆಗೂ ಹೊರಬರಲಿಲ್ಲ. ಈಕೆ ವಿನೊಹ್ರಾದಿ ಬಿಟ್ಟು ಇನ್ನೊಂದು ಥಿಯೇಟರಿಗೆ ಹೋದರು, 1972ರಲ್ಲಿ ಸರ್ಕಾರ ಆ ಥಿಯೇಟರನ್ನೇ ಮುಚ್ಚಿಸಿತು. ಆಗಿನ ಪಶ್ಚಿಮ ಜರ್ಮನಿ ಗಡಿಯ ಹತ್ತಿರ ಖೆಬ್ ಅನ್ನುವ ಊರಿದೆ, ಅಲ್ಲಿಗೂ ಹೋಗಿ ಸ್ವಲ್ಪ ಕಾಲ ಆಡಿದರು. ಅದೂ ನಿಂತಿತು. ಸಿನಿಮಾ ಇಲ್ಲ, ಟಿವಿ ಇಲ್ಲ, ರೇಡಿಯೊ ಇಲ್ಲ, ರಂಗ ಇಲ್ಲ.

ನಿಮಗೆ ಮೊಬೈಲಿನಲ್ಲಿ ಕಂಡ ಖಾಲಿ ಜಾಗ ಇದೇ. ನನ್ನ ಕೇಳಿದರೆ ಅವರ ಬದುಕಿನ ದೊಡ್ಡ ಪಾತ್ರಗಳೆಲ್ಲ ಆ ಖಾಲಿ ಜಾಗದಲ್ಲೇ ಇವೆ.

ಪ್ರಶ್ನೆ: ಜೆಕ್ ಹೆಂಗಸರ ಹೆಸರೆಲ್ಲ ‘ಓವಾ’ ಅಂತ ಯಾಕೆ ಮುಗಿಯುತ್ತವೆ?
(ಹರಿಹರ)

ಉತ್ತರ: ಮನೆತನದ ಹೆಸರಿಗೆ ಹೆಣ್ಣುಮಕ್ಕಳಾದರೆ ಸಾಮಾನ್ಯವಾಗಿ ‘ಓವಾ’ ಸೇರಿಸುತ್ತಾರೆ. ಅಪ್ಪ ನವ್ರಾತಿಲ್, ಮಗಳು ನವ್ರಾತಿಲೋವಾ. ಹೌದು, ಟೆನಿಸ್‌ನ ಮಾರ್ಟಿನಾ ಅವರೇ. ಅವರೂ ಪ್ರಾಗ್‌ನವರು, 1975ರಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದರು.

ಪ್ರಶ್ನೆ: ಆ ನಟಿ ಮನೆಯಲ್ಲೇ ಷೇಕ್ಸ್‌ಪಿಯರ್ ನಾಟಕ ಆಡಿದ್ದರು ಅಂತ ಸಿನಿಮಾ ಮುಗಿದ ಮೇಲೆ ಯಾರೋ ಹೇಳಿದರು. ನಾನು ಕಾಲೇಜಿನಲ್ಲಿ ಇಪ್ಪತ್ತು ವರ್ಷ ‘ಮ್ಯಾಕ್‌ಬೆತ್’ ಪಾಠ ಮಾಡಿದವನು. ಅದನ್ನು ಮನೆಯಲ್ಲಿ ಹೇಗೆ ಆಡುತ್ತಾರೆ? ಸ್ವಲ್ಪ ವಿವರವಾಗಿ ಬರೆಯಿರಿ.
(ಚಿತ್ರದುರ್ಗ)

ಉತ್ತರ: ಮೇಷ್ಟ್ರೇ, ಈ ಪತ್ರಕ್ಕೇ ಕಾಯುತ್ತಿದ್ದೆ.

ರಂಗದಿಂದ ಹೊರಗೆ ಹಾಕಿದ ಮೇಲೆ 1976ರಲ್ಲಿ ಇವರು ಪ್ರಾಗ್‌ನ ತಮ್ಮ ಮನೆಯ ಪಡಸಾಲೆಯಲ್ಲೇ ಶುರು ಮಾಡಿದರು. ಮೊದಲು ಆಡಿದ್ದು ನಾಟಕ ಅಲ್ಲ, ಕವಿ ಯಾರೊಸ್ಲಾವ್ ಸೈಫರ್ಟ್ ಅವರ ನೆನಪಿನ ಬರಹಗಳು. ಗೆಳೆಯರನ್ನು ಕರೆದು ಕೂರಿಸಿದರು, ಓದಿದರು, ನಟಿಸಿದರು. ಅದೇ ಸೈಫರ್ಟ್ ಅವರಿಗೆ 1984ರಲ್ಲಿ ನೊಬೆಲ್ ಬಂತು. ಟಿಕೆಟ್ ಇಲ್ಲ, ಪೋಸ್ಟರ್ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ. ಇದಕ್ಕೆ ‘ಮನೆ ರಂಗಭೂಮಿ’ ಅಂತಲೇ ಹೆಸರು ಬಿತ್ತು.

1977ರ ಜನವರಿಯಲ್ಲಿ ‘ಚಾರ್ಟರ್ 77’ ಹೊರಬಂತು. ಅದರಲ್ಲಿ ಕ್ರಾಂತಿಯ ಮಾತೇ ಇರಲಿಲ್ಲ. ಮಾನವ ಹಕ್ಕು ಕಾಪಾಡುತ್ತೇವೆ ಅಂತ ನೀವೇ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಆ ಸಹಿಗೆ ಮರ್ಯಾದೆ ಕೊಡಿ ಅಂತ ಸರ್ಕಾರವನ್ನು ಕೇಳಿದ್ದು, ಅಷ್ಟೇ. ನಾಟಕಕಾರ ವಾತ್ಸ್ಲಾವ್ ಹಾವೆಲ್ ಮುಂದಾಳುಗಳಲ್ಲಿ ಒಬ್ಬರು. ಮೊದಲ ಪಟ್ಟಿಯಲ್ಲೇ ಈ ನಟಿಯ ಸಹಿಯೂ ಇತ್ತು. ಸರ್ಕಾರ ಏನು ಮಾಡಿತು ಗೊತ್ತಾ? ಜನವರಿ 28ರಂದು ನಟರು, ಹಾಡುಗಾರರು, ಬರಹಗಾರರನ್ನು ಪ್ರಾಗ್‌ನ ನ್ಯಾಷನಲ್ ಥಿಯೇಟರಿನಲ್ಲಿ ಸೇರಿಸಿ ಚಾರ್ಟರ್ ವಿರುದ್ಧ ಹೇಳಿಕೆ ಓದಿಸಿ ಸಹಿ ಮಾಡಿಸಿತು. ವೇದಿಕೆ ಮೇಲೆ ಆ ಹೇಳಿಕೆ ಓದಿದವರು ಯಿರ್ಜಿನಾ ಶ್ವೊರ್ಟ್ಸೊವಾ. ಅವರೂ ದೊಡ್ಡ ನಟಿ, ವಿನೊಹ್ರಾದಿಯಲ್ಲಿ ಖ್ರಾಮೊಸ್ತೊವಾ ಅವರ ಜೊತೆಗಾರ್ತಿ. ಒಂದೇ ಮೇಕಪ್ ರೂಮಿನಲ್ಲಿ ಬಣ್ಣ ಹಚ್ಚಿಕೊಂಡವರು ಅಂದುಕೊಳ್ಳಿ, ಒಬ್ಬರ ಹೆಸರು ಈ ಕಾಗದದ ಮೇಲೆ, ಇನ್ನೊಬ್ಬರ ದನಿ ಆ ಕಾಗದಕ್ಕೆ.

ಮರುವರ್ಷ, 1978ರಲ್ಲಿ, ಮ್ಯಾಕ್‌ಬೆತ್. ಬರಹಗಾರ ಪಾವೆಲ್ ಕೊಹೌಟ್ ಅದನ್ನು ಐದೇ ಜನ ಆಡುವಂತೆ ಕತ್ತರಿಸಿ ಕೊಟ್ಟರು. ನಿಮಗೆ ಗೊತ್ತಿರುವ ಸೈನ್ಯ, ಔತಣ, ನಡೆದು ಬರುವ ಕಾಡು, ಇದೆಲ್ಲ ಐದು ಜನರಲ್ಲಿ! ಲೇಡಿ ಮ್ಯಾಕ್‌ಬೆತ್ ಈಕೆ, ಮ್ಯಾಕ್‌ಬೆತ್ ಪಾವೆಲ್ ಲಾಂದೊವ್ಸ್ಕಿ. ಅವರನ್ನೂ ಥಿಯೇಟರಿನಿಂದ ಹೊರಗೆ ಹಾಕಿದ್ದರು. ಹಾಡಲು ವ್ಲಾಸ್ತಿಮಿಲ್ ತ್ರೆಶ್ನ್ಯಾಕ್ ಅನ್ನುವ ಗಾಯಕ, ಜೊತೆಗೆ ಕೊಹೌಟ್ ಮತ್ತು ಅವರ ಮಗಳು. ಪರದೆ ಇಲ್ಲ, ಸೈಡ್‌ವಿಂಗ್ ಇಲ್ಲ. ಇವರ ಮನೆಯಲ್ಲೂ ಆಡಿದರು, ಗೆಳೆಯರ ಮನೆಗಳಲ್ಲೂ ಆಡಿದರು. ಪೊಲೀಸರು ಬಿಟ್ಟಾರೆ? ಬಂದವರ ಹೆಸರು, ವಿಳಾಸ ಕೇಳುತ್ತಿದ್ದರು. ನಾಟಕ ನೋಡಲು ಹೋಗೋದೇ ಒಂದು ಧೈರ್ಯದ ಕೆಲಸ. ಅಷ್ಟರಲ್ಲೂ ಮಿಲೋತಾ ಗುಟ್ಟಾಗಿ ಅದನ್ನು ಚಿತ್ರೀಕರಿಸಿದರು, ಆ ಫಿಲಂ ಗಡಿ ದಾಟಿ ವಿಯೆನ್ನಾ ಸೇರಿತು, ಆಸ್ಟ್ರಿಯಾದ ಟಿವಿಯಲ್ಲಿ ಬಂತು.

ಕೊಹೌಟ್ ಈ ವಿಷಯವನ್ನು ಲಂಡನ್ನಿನ ನಾಟಕಕಾರ ಟಾಮ್ ಸ್ಟಾಪರ್ಡ್ ಅವರಿಗೆ ಪತ್ರದಲ್ಲಿ ಬರೆದಿದ್ದರು. ಸ್ಟಾಪರ್ಡ್ ಹುಟ್ಟಿದ್ದು ಜೆಕ್ ನೆಲದಲ್ಲೇ. 1979ರಲ್ಲಿ ಅವರು ‘ಕಹೂಟ್ಸ್ ಮ್ಯಾಕ್‌ಬೆತ್’ ಬರೆದರು. ಮನೆಯೊಂದರಲ್ಲಿ ಮ್ಯಾಕ್‌ಬೆತ್ ನಡೆಯುತ್ತಿರುತ್ತದೆ, ಮಧ್ಯೆ ಪೊಲೀಸ್ ಇನ್‌ಸ್ಪೆಕ್ಟರ್ ಬಂದು ನಿಲ್ಲುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗು, ಅದರ ಕೆಳಗೆ ಭಯ.

ಮ್ಯಾಕ್‌ಬೆತ್ತನ್ನೇ ಯಾಕೆ ಆರಿಸಿದರು ಅನ್ನೋದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದಳವಾಯಿ ಮುದ್ದಣ್ಣ ದೊರೆಗಳನ್ನು ಏರಿಸಿದ್ದು, ಇಳಿಸಿದ್ದು, ಮುಗಿಸಿದ್ದನ್ನು ಕೇಳಿ ಬೆಳೆದ ದುರ್ಗದವರು ನೀವು. ಕೊಲೆ ಮಾಡಿ ಗದ್ದುಗೆ ಹತ್ತಿದವನಿಗೆ ನಿದ್ದೆ ಬರೋದಿಲ್ಲ ಅನ್ನುವ ಕತೆಯನ್ನು, ಟ್ಯಾಂಕುಗಳ ಕೃಪೆಯಿಂದ ಕುರ್ಚಿ ಹಿಡಿದವರ ಊರಿನಲ್ಲಿ, ಪೊಲೀಸರು ಮೆಟ್ಟಿಲ ಮೇಲೆ ನಿಂತಿರುವಾಗ ಆಡಿದರೆ ಅದಕ್ಕೆ ಬೇರೆ ಟಿಪ್ಪಣಿ ಬೇಕಾ?

ಪ್ರಶ್ನೆ: ನೀವು ಆಕೆಯನ್ನು ಇಷ್ಟು ಹೊಗಳುತ್ತೀರಿ. ಗುಪ್ತ ಪೊಲೀಸರಿಗೆ ಸಹಾಯ ಮಾಡುತ್ತೇನೆ ಅಂತ ಸಹಿ ಹಾಕಿದ್ದರು ಅಂತಲೂ ಓದಿದೆ. ಅದನ್ನು ಯಾಕೆ ಮುಚ್ಚಿಡುತ್ತೀರಿ?
(ಜಗಳೂರು)

ಉತ್ತರ: ಮುಚ್ಚಿಡುತ್ತಿಲ್ಲ, ನಿಮ್ಮ ಸರದಿ ಈಗ ಬಂತು. ಹೌದು, ನಿಜ. 1950ರ ದಶಕದಲ್ಲಿ ಒತ್ತಡಕ್ಕೆ ಬಗ್ಗಿ ಸಹಿ ಹಾಕಿದ್ದರು. ಇದನ್ನು ತಾವೇ ಆತ್ಮಕಥೆಯಲ್ಲಿ ಬರೆದುಕೊಂಡರು, 1999ರಲ್ಲಿ. ಆ ಹೊತ್ತಿಗೆ ಅವರು ದೇಶದ ಕಣ್ಣಲ್ಲಿ ದೊಡ್ಡವರು, ಹಿಂದಿನ ವರ್ಷವಷ್ಟೇ ಸರ್ಕಾರ ದೊಡ್ಡ ಗೌರವವನ್ನೂ ಕೊಟ್ಟಿತ್ತು. ಸುಮ್ನೆ ಇರಬಹುದಿತ್ತು.

ಕೆಲವರು ಕ್ಷಮಿಸಿದರು, ಕೆಲವರು ಇಲ್ಲ. ನನ್ನ ಲೆಕ್ಕ ಬೇರೆ. ಒಮ್ಮೆ ಹೆದರಿ ಸಹಿ ಹಾಕಿದ ಕೈಯೇ ಇಪ್ಪತ್ತು ವರ್ಷದ ಮೇಲೆ, ಹೆದರಬೇಕಾದ ಕಾರಣಗಳು ಇನ್ನೂ ಜಾಸ್ತಿ ಇದ್ದಾಗ, ಚಾರ್ಟರಿಗೆ ಸಹಿ ಹಾಕಿತು. ಮೊದಲಿನಿಂದಲೂ ಹೆದರದೇ ಇದ್ದವರ ಕತೆ ನನಗೆ ಅಷ್ಟು ಹಿಡಿಸೋದಿಲ್ಲ. ಅಂಥವರನ್ನು ನಾನು ಕಂಡದ್ದೂ ಕಡಿಮೆ. ನೀವು ಒಪ್ಪದಿದ್ದರೆ ಬರೆಯಿರಿ, ಹಾಕೋಣ.

ಪ್ರಶ್ನೆ: ನಮ್ಮ ಕನ್ನಡದಲ್ಲಿ ಇಂಥ ನಟಿ ಯಾರಾದರೂ ಇದ್ದಾರಾ?
(ಚನ್ನಗಿರಿ)

ಉತ್ತರ: ಹೋಲಿಸಿ ತೂಗೋದು ನನಗೆ ಇಷ್ಟವಿಲ್ಲ. ಆದರೆ ಒಂದು ಹೆಸರು ಹೇಳಲೇಬೇಕು, ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಸಿನಿಮಾದ ಚಂದ್ರಿ. ಅವರೂ ರಂಗಭೂಮಿಯವರೇ, ಮದ್ರಾಸಿನಲ್ಲಿ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಜೈಲಿಗೆ ಹಾಕಿದರು. ಅವರಿಗೆ ಉಬ್ಬಸ ಇತ್ತು, ಜೈಲಿನಲ್ಲಿ ಅದು ಜಾಸ್ತಿಯಾಯಿತು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಪ್ರಾಗ್‌ನಲ್ಲಿ ನಟರನ್ನೆಲ್ಲ ಕರೆಸಿ ಸಹಿ ಮಾಡಿಸಿದ್ದು ಅದಾಗಿ ಎಂಟು ದಿನಕ್ಕೆ. ಅದು ಕಮ್ಯುನಿಸ್ಟ್ ದೇಶ, ಇದು ಪ್ರಜಾಪ್ರಭುತ್ವ ಅಂತ ನಾವು ಎದೆ ತಟ್ಟಿಕೊಳ್ಳುವಾಗ ಈ ಎರಡು ತಾರೀಕು ಅಡ್ಡ ಬರುತ್ತವೆ.

ಪ್ರಶ್ನೆ: ಕೊನೆಗಾದರೂ ಅವರಿಗೆ ರಂಗ ಸಿಕ್ಕಿತಾ?
(ಚಳ್ಳಕೆರೆ)

ಉತ್ತರ: ಸಿಕ್ಕಿತು ತಾಯಿ. 1989ರಲ್ಲಿ ಪ್ರಾಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರು ಹೊಡೆದರು, ಅಲ್ಲಿಂದ ಆ ಸರ್ಕಾರವೇ ಉರುಳಿತು. ಥಿಯೇಟರುಗಳೂ ಮುಷ್ಕರ ಹೂಡಿದ್ದವು. ವಿದ್ಯಾರ್ಥಿಗಳು ಹೊರಟ ಆ ದಿನ ಯಾವುದು ಅಂದುಕೊಂಡಿರಿ? ನವೆಂಬರ್ 17. ಖ್ರಾಮೊಸ್ತೊವಾ ಅವರಿಗೆ ಅವತ್ತು 63 ತುಂಬಿತು. ಇದನ್ನು ಸಿನಿಮಾದಲ್ಲಿ ಇಟ್ಟಿದ್ದರೆ ಅತಿಯಾಯಿತು ಅಂತ ನಾವೇ ಬೈಯುತ್ತಿದ್ದೆವು.

ಚಾರ್ಟರಿನ ಗೆಳೆಯ ಹಾವೆಲ್ ರಾಷ್ಟ್ರಪತಿಯಾದರು. ಈಕೆ ನ್ಯಾಷನಲ್ ಥಿಯೇಟರ್ ಸೇರಿ ಮುದಿವಯಸ್ಸಿನ ಪಾತ್ರಗಳನ್ನು ವರ್ಷಗಟ್ಟಲೆ ಆಡಿದರು. ಯಾವ ಥಿಯೇಟರಿನಲ್ಲಿ ಚಾರ್ಟರಿನವರ ವಿರುದ್ಧ ಹೇಳಿಕೆ ಓದಿದ್ದರೋ ಅದೇ ಥಿಯೇಟರ್. 2011ರಲ್ಲಿ ಹಾವೆಲ್ ತಮ್ಮದೇ ನಾಟಕವನ್ನು ಸಿನಿಮಾ ಮಾಡಿದಾಗ ಅದರಲ್ಲಿ ಅಜ್ಜಿಯ ಪಾತ್ರ ಈಕೆಯದು. 2019ರ ಫೆಬ್ರುವರಿಯಲ್ಲಿ ಮಿಲೋತಾ ಹೋದರು, ಅಕ್ಟೋಬರ್‌ನಲ್ಲಿ ಈಕೆ. 92 ವರ್ಷ.

ಪ್ರಶ್ನೆ: ನಾನು ಸಾಣೇಹಳ್ಳಿಯಲ್ಲಿ ನಾಟಕ ಕಲಿಯುತ್ತಿದ್ದೇನೆ. ನಮ್ಮದು ದೊಡ್ಡ ಬಯಲು ರಂಗಮಂದಿರ. ಒಂದು ಕೋಣೆಯಲ್ಲಿ ಆಡಿದವರಿಂದ ನಾವು ಕಲಿಯೋದೇನಿದೆ?
(ಹೊಸದುರ್ಗ ತಾಲ್ಲೂಕು)

ಉತ್ತರ: ದನಿ ಇಳಿಸೋದನ್ನು. ನಮ್ಮ ಕಂಪನಿ ನಾಟಕದವರು ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಅಂತ ಗಂಟಲು ಪಳಗಿಸಿದವರು. ದಾವಣಗೆರೆಯ ಚಿಂದೋಡಿ ಲೀಲಾ ಅವರ ಮಾತನ್ನು ಟೆಂಟಿನ ಹಿಂದೆ ಕೂತು ಕೇಳಿದವರನ್ನು ಕೇಳಿ ನೋಡಿ, ಈಗಲೂ ಕಿವಿಯಲ್ಲಿದೆ ಅನ್ನುತ್ತಾರೆ. ಅದೊಂದು ವಿದ್ಯೆ. ಆದರೆ ಆರು ಅಡಿ ದೂರದಲ್ಲಿ ಜನ ಕೂತಿದ್ದರೆ ಅದೇ ದನಿ ಜಗಳ ಆಗುತ್ತದೆ. ಅಲ್ಲಿ ಕಣ್ಣು ರೆಪ್ಪೆ ಬಡಿದರೂ ಲೆಕ್ಕ. ಸಿನಿಮಾದ ಕ್ಲೋಸಪ್ ಹಾಗೇ, ಆದರೆ ಕಟ್ ಅನ್ನುವವರು ಇಲ್ಲ. ಖ್ರಾಮೊಸ್ತೊವಾ ಅವರಿಗೆ ಥಿಯೇಟರೂ ಗೊತ್ತಿತ್ತು, ಕ್ಯಾಮೆರಾನೂ ಗೊತ್ತಿತ್ತು. ಪಡಸಾಲೆಯಲ್ಲಿ ಎರಡೂ ಬೇಕಾದವು. ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಿನಲ್ಲಿ ಕೈ ಉಜ್ಜುವ ದೃಶ್ಯವನ್ನು ನಿಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಒಮ್ಮೆ ಮಾಡಿ ನೋಡಿ. ಆಮೇಲೆ ಬಯಲಿಗೆ ಹೋಗಿ ಮಾಡಿ.

ನನ್ನದೊಂದು ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ದುರ್ಗದಲ್ಲಿ ನಾವೊಂದು ನಾಟಕ ಮಾಡಿದ್ದೆವು. ಬುಕ್ ಮಾಡಿದ್ದ ಹಾಲ್‌ನವರು ಮದುವೆ ಬಂತು ಅಂತ ಹಿಂದಿನ ದಿನ ಕೈಕೊಟ್ಟರು. ಬೇರೆ ದಾರಿ ಇಲ್ಲದೆ ಗೆಳೆಯನ ಮನೆಯ ತಾರಸಿ ಮೇಲೆ ಆಡಿದೆವು. ಎರಡು ಬಲ್ಬು, ಮೂವತ್ತು ನಲವತ್ತು ಜನ, ಮುಂದೆ ಚಾಪೆ ಮೇಲೆ ಅಕ್ಕಪಕ್ಕದ ಮನೆಯ ಅಜ್ಜಿಯರು. ಪೊಲೀಸರು ಬರಲಿಲ್ಲ, ಸೊಳ್ಳೆ ಬಂದವು. ಕೊನೇ ದೃಶ್ಯದಲ್ಲಿ ಗಾಯಗೊಂಡ ದೊರೆ ಸಾಯುತ್ತಾ ‘ನೀರು, ನೀರು’ ಅನ್ನಬೇಕು. ಅಂದ. ಮುಂದಿನ ಸಾಲಿನ ಅಜ್ಜಿಯೊಬ್ಬರು ತಟ್ಟನೆ ಎದ್ದರು, ತಮ್ಮ ಚೊಂಬಿನ ನೀರನ್ನು ಅವನ ಬಾಯಿಗೆ ಹಿಡಿದರು. ಅವನು ಒಂದು ಕ್ಷಣ ನಮ್ಮ ಕಡೆ ನೋಡಿದ. ಎರಡು ಗುಟುಕು ಕುಡಿದ, ಅಜ್ಜಿಯ ಕೈ ಹಿಡಿದುಕೊಂಡೇ ಸತ್ತ.